ರಸ್ತೆಗೊಂದು ಕೆಂಪು ದಡಿ

ಊರಿನ ರಸ್ತೆಗೆ ಸೀರೆ ಉಡಿಸಲು ಹೊರಟ ಗಂಡಸನ್ನು ನೀವು ಯಾರಾದರೂ ನೋಡಿದ್ದೀರಾ? ಹೆಂಡತಿಗೆ ಸೀರೆ ತಂದವರನ್ನು ನೋಡಿರುತ್ತೀರಿ. ಹಬ್ಬದಿಂದ ಹಬ್ಬಕ್ಕೆ ಬರೀ ಮಾತಿನಲ್ಲೇ ಉಡಿಸಿದವರನ್ನಂತೂ ಮನೆಯಲ್ಲೇ ನೋಡಿರುತ್ತೀರಿ. ರಸ್ತೆಗೆ? ಎತ್ತು, ಎಮ್ಮೆ, ಲಾರಿ ತಿರುಗಾಡುವ ಡಾಂಬರು ರಸ್ತೆಗೆ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಅವರಿಗೆ ಇವತ್ತಿಗೂ ದಿನಾ ರೊಟ್ಟಿ ಬಡಿದು ಹಾಕುತ್ತಿದ್ದೇನೆ!

ಹೆಸರು ಮಾತ್ರ ಕೇಳಬೇಡಿ. ಗಂಡನ ಹೆಸರನ್ನು ಪ್ರಾಸದ ಒಡಪು ಕಟ್ಟಿ ಹೇಳುವುದು ನಮ್ಮ ಕಡೆಯ ರೂಢಿ. ಫೋನಿನ ಮೇಲೆ ಒಂದೇ ಬೆರಳಿನಲ್ಲಿ ಅಕ್ಷರ ಕುಟ್ಟುವ ನಾನು ಒಡಪು ಹುಡುಕುತ್ತ ಕೂತರೆ ಈ ಬರಹ ಮುಗಿಯುವ ಹೊತ್ತಿಗೆ ಒಲೆಯ ಮೇಲಿನ ಬೇಳೆ ಸೀದು ಹೋದೀತು. ಆದ್ದರಿಂದ 'ಇವರು' ಅಂದರೆ ಸಾಕು. ಊರಿಗೆಲ್ಲ ಗೊತ್ತು.

ಊರು ಗಜೇಂದ್ರಗಡ. ಇವರು ನೇಕಾರರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಸೊಂಟದ ಮೇಲಿನ ಇವರಷ್ಟೇ ನಮಗೆ ಕಾಣುವುದು. ಹಾಗೆ ಅರ್ಧ ನೆಲದೊಳಗೆ ಕೂತು ಕೂತು ಇವರಿಗೆ ಲೋಕವೆಲ್ಲ ಒಂದು ಸೀರೆಯಂತೆ ಕಾಣತೊಡಗಿತ್ತೋ ಏನೋ! ಯಾರದೋ ಜೋಳದ ಹೊಲ ನೋಡಿದರೆ, ಒಡಲು ಚೆನ್ನಾಗಿ ಬಂದಿದೆ, ಬದು ಮಾತ್ರ ಸಡಿಲ ಎನ್ನುವರು. ನನ್ನ ರೊಟ್ಟಿಯ ಅಂಚು ಒಂದಿಷ್ಟು ಸೀಳಿದ್ದರೆ ಸಾಕು, ತಾಟನ್ನೇ ಎತ್ತಿ ಹಿಡಿದು, ದಡಿ ಹರಿದಿದೆ ನೋಡು ಎನ್ನುವರು. ರುಚಿಯ ಬಗ್ಗೆ ಒಂದು ಮಾತು? ಊಹೂಂ. ಸೀರೆಯ ಅಂಚನ್ನು ನಮ್ಮಲ್ಲಿ ದಡಿ ಎನ್ನುತ್ತೇವೆ, ನಡುವಿನ ಮೈಯನ್ನು ಒಡಲು. ಒಡಲು ಹೇಗಾದರೂ ಇರಲಿ, ದಡಿ ಗಟ್ಟಿ ಇದ್ದರೆ ಸೀರೆ ಬಾಳುತ್ತದೆ ಎನ್ನುವುದು ಇವರ ವೇದ, ಪುರಾಣ, ಪಂಚಾಂಗ ಎಲ್ಲ.

ಇಷ್ಟು ದಡಿ ನೇಯ್ದ ಮನುಷ್ಯ ನನಗೆಂದು ಒಂದು ಸೀರೆ ನೇಯ್ದವರಲ್ಲ! ನೇಯ್ದದ್ದೆಲ್ಲ ಸಾಹುಕಾರರ ಗಂಟಿಗೆ. ನೇಕಾರನ ಹೆಂಡತಿ ಸಂತೆಯ ಪ್ರಿಂಟಿನ ಸೀರೆ ಉಟ್ಟು ಓಡಾಡುವುದು ಊರಲ್ಲಿ ಯಾರಿಗೂ ಹೊಸದಲ್ಲ. ನನಗೂ ಹೊಸದಲ್ಲ. ಆದರೂ ವರ್ಷಕ್ಕೊಮ್ಮೆ ನೆನಪು ಮಾಡಿ ಚುಚ್ಚದಿದ್ದರೆ ನನಗೆ ದೀಪಾವಳಿ ಬಂದಂತೆಯೇ ಅನಿಸುತ್ತಿರಲಿಲ್ಲ.

ಸರ್ಕಾರದವರು ಎಂಟನೆಯ ಇಯತ್ತೆಯ ಹುಡುಗಿಯರಿಗೆ ಸೈಕಲ್ ಕೊಡಲು ಸುರು ಮಾಡಿದ್ದ ಕಾಲವದು. ನನ್ನ ಮಗಳನ್ನು ಕೊಟ್ಟದ್ದು ರೋಣದ ಕಡೆಯ ಒಂದು ಸಣ್ಣ ಹಳ್ಳಿಗೆ. ಅಲ್ಲಿ ಏಳನೆಯ ಇಯತ್ತೆಗೇ ಸಾಲಿ ಮುಗಿಯುತ್ತಿತ್ತು. ಹಾಗಾಗಿ ಮೊಮ್ಮಗಳು ಹೈಸ್ಕೂಲಿಗೆಂದು ನಮ್ಮ ಮನೆಗೆ ಬಂದಳು. ಅವಳ ಹಿಂದೆಯೇ ಸೈಕಲ್ಲೂ ಬಂತು. ಅದೇ ಹೊತ್ತಿಗೆ ಸರಿಯಾಗಿ ಊರ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಿಂದ ಕರೆಂಟು ಮಾಡುವ ಫ್ಯಾನುಗಳನ್ನು ನಿಲ್ಲಿಸತೊಡಗಿದ್ದರು. ಒಂದೊಂದು ರೆಕ್ಕೆ ಎಷ್ಟು ಉದ್ದ ಅಂತೀರಿ? ಲಾರಿಯ ಮುಖ ಬಜಾರಕ್ಕೆ ಬಂದು ಎಷ್ಟೋ ಹೊತ್ತಾದ ಮೇಲೆ ಅದರ ಬಾಲ ಬರುತ್ತಿತ್ತು! ಆ ಲಾರಿಗಳು, ಅವುಗಳ ಹಿಂದೆ ಟೆಂಪೋಗಳು, ಚಕ್ಕಡಿಗಳು, ಎರಡೂ ಕಡೆ ರಸ್ತೆಗೇ ಚಾಚಿಕೊಂಡ ಅಂಗಡಿಗಳು. ಇವೆಲ್ಲದರ ನಡುವೆ ನಮ್ಮ ಮೊಮ್ಮಗಳು ಸೈಕಲ್ ಹೊಡೆದುಕೊಂಡು ಬಜಾರದ ಆಚೆ ತುದಿಯ ಸಾಲಿಗೆ ಹೋಗಬೇಕು.

ಒಂದು ದಿನ ಅವಳ ಗೆಳತಿಯ ಹ್ಯಾಂಡಲ್ಲಿಗೆ ಟೆಂಪೋದ ಕನ್ನಡಿ ತಗುಲಿತು. ಹುಡುಗಿಯ ಕೈ ಮುರಿಯಿತು. ಅವಳ ಸೈಕಲ್ಲು ಅಂದೇ ಮನೆಯ ಗೋಡೆಗೆ ನೇತುಬಿತ್ತು, ಅದನ್ನು ನೋಡಿ ಇನ್ನೂ ನಾಲ್ಕಾರು ಹುಡುಗಿಯರದೂ. ಸುದ್ದಿ ರೋಣದ ಸಂತೆಯಲ್ಲಿ ನಮ್ಮ ಅಳಿಯನ ಕಿವಿಗೆ ಬಿದ್ದು, ಮರುದಿನವೇ ಅವನು ನಮ್ಮ ಪಡಸಾಲೆಯಲ್ಲಿ ಕೂತಿದ್ದ. ಕೆಟ್ಟವನಲ್ಲ, ಅಂಜುಬುರುಕ. ಮಗಳೆಂದರೆ ಜೀವ.

"ಇನ್ನೊಮ್ಮೆ ಇಂಥಾದ್ದು ಏನರ ಕಿವಿಗೆ ಬಿತ್ತಂದ್ರ ಹುಡುಗೀನ್ನ ಕರಕೊಂಡ ಹೋಗ್ತೀನ್ರಿ ಮಾವಾರ. ಓದಿದ್ದು ಸಾಕು," ಎಂದ. ನೀರು ಕುಡಿದ. ಎದ್ದ. ಹೋದ.

ಹುಡುಗಿ ಅಳುತ್ತಾಳೆಂದು ನಾನು ಸೆರಗು ಸಿದ್ಧ ಮಾಡಿಕೊಂಡಿದ್ದೆ. ಅಳಲಿಲ್ಲ. ಅಜ್ಜನ ಮಗ್ಗದ ಪಕ್ಕ ಕೂತು ಒಂದು ಪ್ರಶ್ನೆ ಕೇಳಿದಳು.

"ಅಜ್ಜಾ, ರಸ್ತೆ ಎಲ್ಲಾರದೂ ಅಂತ ಪುಸ್ತಕದಾಗ ಐತಿ. ಅದರಾಗ ನನ್ನದು ಎಷ್ಟು?"

ಇವರ ಲಾಳಿ ನಿಂತಿತು. ಮದುವೆಯಾದಂದಿನಿಂದ ನಾನು ಕೇಳಿದ ಯಾವ ಪ್ರಶ್ನೆಗೂ ಅದು ನಿಂತದ್ದಿಲ್ಲ!

ಮರುದಿನ ಮುಂಜಾನೆ ಇವರು ಗಜಕಡ್ಡಿ ಹಿಡಿದುಕೊಂಡು ಹೋಗಿ ಬಜಾರದ ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಕೂತರು. ಬಂದ ಬಂದ ಸೈಕಲ್ಲನ್ನೆಲ್ಲ ನಿಲ್ಲಿಸಿ ಅಳೆಯುವುದೇ ಕೆಲಸ. ಸೈಕಲ್ಲಿನ ಅಗಲ ಎಷ್ಟು? ಇದೇನು ಕೇಳುವ ಮಾತೇ ಅಂತೀರಾ? ನನಗೂ ಹಾಗೇ ಅನಿಸಿತ್ತು. ಆದರೆ ಬುತ್ತಿ ಕೊಡುವ ನೆಪ ಮಾಡಿ ನೋಡಲು ಹೋದವಳು ಅಲ್ಲೇ ಕೂತುಬಿಟ್ಟೆ. ಎರಡೂ ಕಡೆ ಕ್ಯಾನು ತೂಗಿಬಿಟ್ಟ ಹಾಲಿನವನ ಸೈಕಲ್ ಬೇರೆ ಅಗಲ. ಬಣ್ಣದ ಮನೆಯಿಂದ ನೂಲಿನ ಗಂಟು ತರುವವನದು ಬೇರೆ. ಕೋಳಿಗಳನ್ನು ತಲೆಕೆಳಗಾಗಿ ಕಟ್ಟಿಕೊಂಡವನದು ಮತ್ತೂ ಬೇರೆ, ಏಕೆಂದರೆ ಕೋಳಿ ರೆಕ್ಕೆ ಬಿಚ್ಚಿದಾಗ ಒಂದು, ಮುಚ್ಚಿದಾಗ ಒಂದು! ಇವರು ರೆಕ್ಕೆ ಬಿಚ್ಚಿದ ಲೆಕ್ಕವನ್ನೇ ಹಿಡಿದರು.

ಅಂಗಡಿಯ ಚಾಚಾ ಟ್ಯೂಬಿನ ತೂತು ಹುಡುಕುತ್ತ ಕೂತಿದ್ದವರು, ತಡೆಯಲಾರದೆ ಕೇಳಿದರು.

"ಅಣ್ಣಾರ, ನಿಮಗ ಸೈಕಲ್ ಹೊಡ್ಯಾಕ ಬರ್ತೈತೇನ್ರಿ?"

"ನಾ ಸೀರಿ ಉಡ್ತೀನೇನು? ನೇಯೂದಿಲ್ಲೇನು?" ಎಂದರು ಇವರು.

ಖರೆ ಹೇಳಬೇಕೆಂದರೆ ಇವರಿಗೆ ಸೈಕಲ್ ಎಂದರೆ ಭಯ. ಜೀವನದಲ್ಲಿ ಒಮ್ಮೆ ಹತ್ತಿದ್ದಾರೆ, ಅದೂ ಗೋಡೆ ಹಿಡಿದುಕೊಂಡು. ಗೋಡೆ ಮುಗಿಯಿತು, ಇಳಿದರು. ಹಾಗಾದರೆ ಅಳತೆ ಸರಿ ಇದೆಯೋ ಇಲ್ಲವೋ ಪರೀಕ್ಷೆ ಮಾಡುವುದು ಹೇಗೆ? ಅದಕ್ಕೆ ನಾನಿದ್ದೆನಲ್ಲ! ಮನೆಯ ಮುಂದೆ ಸುಣ್ಣದಿಂದ ಎರಡು ಗೆರೆ ಎಳೆದು, ನನ್ನ ಎದೆಯ ಮುಂದೆ ಗಜಕಡ್ಡಿಯನ್ನು ಅಡ್ಡ ಹಿಡಿಸಿ, ನೀನೇ ಸೈಕಲ್, ನಡೆ ಎಂದರು. ನಡೆದೆ. ಲಗೂ ನಡೆ ಎಂದರು. ಲಗೂ ನಡೆದೆ. ಎದುರಿಗೆ ಎಮ್ಮೆ ಬಂತು, ಗಂಟೆ ಹೊಡಿ ಎಂದರು. ಬಾಯಲ್ಲೇ ಟ್ರಿಣ್ ಟ್ರಿಣ್ ಎಂದೆ. ಕಡ್ಡಿ ಹಿಡಿದು ಓಡುತ್ತ ಟ್ರಿಣ್ ಎನ್ನುವ ನನ್ನನ್ನು ಮೂಲೆಮನೆಯ ಗಂಗವ್ವ ಕಟ್ಟೆಯ ಮೇಲಿಂದ ನೋಡಿದಳು. ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಹಿರಿಯಳು, ದೇವರ ವಿಷಯದಲ್ಲಿ ಅವಳದೇ ಕಡೆಯ ಮಾತು. ಅವಸರದಿಂದ ಒಳಗೆ ಹೋಗಿ ದೇವರ ಅರಿಶಿನದ, ಅಂದರೆ ಭಂಡಾರದ, ಬಟ್ಟಲು ತಂದು, ನನ್ನ ಹಣೆಗೆ ಹಚ್ಚಿ, ಮೆಲ್ಲಗೆ ಕೇಳಿದಳು.

"ಯಾವಾಗಿಂದ ಮೈಮ್ಯಾಲೆ ಬರಾಕತ್ತೈತಿ, ತಂಗೀ?"

ಅಳತೆ ಮುಗಿದ ಮೇಲೆ ಇವರು ಪುರಸಭೆಗೆ ಹೋದರು. ಬಜಾರದ ರಸ್ತೆಯ ಒಂದು ಬದಿಗೆ ದಡಿ ಬಿಡಿಸಿಕೊಡಿ, ಅದರ ಮೇಲೆ ಸೈಕಲ್ ಬಿಟ್ಟು ಬೇರೇನೂ ಬರಬಾರದು ಎಂದರು. ಅಲ್ಲಿದ್ದ ಇಂಜಿನಿಯರು ಒಳ್ಳೆಯ ಮನುಷ್ಯ. ನಗಲಿಲ್ಲ, ಚಹಾ ತರಿಸಿದ. ಅಜ್ಜಾರ, ಹುಬ್ಬಳ್ಳಿಯಲ್ಲೇ ಇಂಥದ್ದಿಲ್ಲ, ಗಜೇಂದ್ರಗಡಕ್ಕೆ ಎಲ್ಲಿಂದ ತರಲಿ ಎಂದ. ಇವರು, ಹುಬ್ಬಳ್ಳಿಯಲ್ಲಿ ನಮ್ಮಷ್ಟು ಮಗ್ಗ ಇಲ್ಲವಲ್ಲ, ದಡಿಯ ವಿಚಾರ ಅವರಿಗೆ ಹೇಗೆ ಹೊಳೆಯಬೇಕು ಎಂದರಂತೆ. ಕಡೆಗೆ ಆತ, ಕಲ್ಲು ಹಾಕಿ ಕಟ್ಟಲು ಮೇಲಿನಿಂದ ಮಂಜೂರಿ ಬೇಕು, ಬಣ್ಣದ ಗೆರೆ ಎಳೆದರೆ ನಾನು ನೋಡಿಯೂ ನೋಡದಂತೆ ಇರುತ್ತೇನೆ ಎಂದು ಸಮಾಧಾನ ಹೇಳಿ ಕಳಿಸಿದ. ಇವರು ಮಂಜೂರಿ ಸಿಕ್ಕಂತೆಯೇ ಮನೆಗೆ ಬಂದರು!

ನಮ್ಮ ನೇಕಾರ ಓಣಿಯಲ್ಲಿ ಒಂದು ಪದ್ಧತಿ. ಸೀರೆಯ ಉದ್ದನೆಯ ಎಳೆಗಳನ್ನು ಓಣಿಯ ತುಂಬ ಬಿಗಿದು ಕಟ್ಟಿ ಗಂಜಿ ಹಚ್ಚುತ್ತೇವೆ. ಇದಕ್ಕೆ ಹಾಸು ಎನ್ನುತ್ತೇವೆ. ಹಾಸು ಹಾಕಿದ್ದಾಗ ಯಾರೂ ದಾಟುವುದಿಲ್ಲ. ಚಕ್ಕಡಿಯವನೂ ಎತ್ತು ಬಿಚ್ಚಿ ಬೀಡಿ ಹಚ್ಚಿಕೊಂಡು ಕಾಯುತ್ತಾನೆ. ನೂಲಿನ ಎಳೆಗೆ ಸಿಗುವ ಈ ಮರ್ಯಾದೆ ಹುಡುಗಿಯರಿಗೆ ಯಾಕೆ ಸಿಗಬಾರದು ಎಂದು ಇವರು ಬಜಾರದ ಬದಿಗುಂಟ ಗಂಜಿಯ ನೂಲನ್ನೇ ಬಿಗಿದರು. ಒಂದು ತಾಸು ಭಾಳ ಚೆನ್ನಾಗಿ ನಡೆಯಿತು. ಲಾರಿಗಳೂ ಸರಿದು ಹೋದವು. ಆಮೇಲೆ ಗಂಜಿಯ ವಾಸನೆ ಹಿಡಿದು ಒಂದು ಆಡು ಬಂತು. ನೂಲಿನ ತುದಿ ಬಾಯಲ್ಲಿಟ್ಟುಕೊಂಡು ಓಡತೊಡಗಿತು. ಆಡಿನ ಹಿಂದೆ ಇವರು, ಇವರ ಹಿಂದೆ ಅರ್ಧ ಊರು! ಆಡು ಹೋಗಿ ನಿಂತದ್ದು ಎಲ್ಲಿ ಅಂತೀರಿ? ಹೈಸ್ಕೂಲಿನ ಗೇಟಿನ ಮುಂದೆ. ಇವರು ಏದುಸಿರು ಬಿಡುತ್ತಲೇ, ದಾರಿಯಂತೂ ಸರಿ ಇದೆ ಅಂತಾಯಿತು ಎಂದರು.

ನೂಲು ಹೋಯಿತು, ಬಣ್ಣ ಬಂತು. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಬಂದ್. ಆ ದಿನ ಓಣಿಯ ನೇಕಾರರನ್ನೆಲ್ಲ ಕರೆದುಕೊಂಡು, ಕೆಮ್ಮಣ್ಣು ಕಲಸಿ, ಬಜಾರದ ಒಂದು ಬದಿಗೆ ಸಾಲಿಯ ತನಕ ಬಳಿಸಿದರು. ಕೆಂಪಿನ ಎರಡೂ ಅಂಚಿಗೆ ಸುಣ್ಣದ ಬಿಳಿ ಗೆರೆ. ಖರೇನೇ ದಡಿ! ಆದರೆ ಅಂಗಡಿಯವರು ಜಾಗ ಬಿಡಬೇಕಲ್ಲ? ಪಾತ್ರೆ ಅಂಗಡಿಯವರು ಕೊಡಗಳ ಸಾಲನ್ನು ಒಂದು ಗೇಣು ಹಿಂದೆ ಸರಿಸಿದರು, ಉಳ್ಳಾಗಡ್ಡಿಯವರು ಚೀಲಗಳನ್ನು ಅರ್ಧ ಗೇಣು ಸರಿಸಿದರು. ಬಾಳೆಹಣ್ಣಿನ ಗಾಡಿಯವ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅವರಪ್ಪ ಅಲ್ಲೇ ನಿಂತಿದ್ದನಂತೆ, ಅವನ ಅಪ್ಪನೂ ಅಲ್ಲೇ ನಿಂತಿದ್ದನಂತೆ. ಇವರು ಕೈ ಮುಗಿದರು, ಬೇಡಿಕೊಂಡರು, ಒಂದು ಡಜನ್ ಹಣ್ಣನ್ನೂ ಕೊಂಡರು. ಗಾಡಿ ಅಲುಗಲಿಲ್ಲ. ಕಡೆಗೆ ದಡಿಯೇ ಸೋತು, ಗಾಡಿಯನ್ನು ಸುತ್ತುವರಿದು, ರಸ್ತೆಯ ಒಡಲಿನೊಳಗೆ ಹೊಟ್ಟೆ ಉಬ್ಬಿಸಿ ಮುಂದೆ ಹೋಯಿತು. ಮನೆಗೆ ಬಂದು ಇವರು ಉಣ್ಣಲಿಲ್ಲ. ಇಡೀ ಜೀವಮಾನದಲ್ಲಿ ಇವರ ಕೈಯಿಂದ ಸೊಟ್ಟಾದ ಮೊದಲ ದಡಿ ಅದು.

ಮರುದಿನ ಮುಂಜಾನೆ ಕುತೂಹಲ ತಾಳಲಾರದೆ ನಾನೂ ಬಜಾರಕ್ಕೆ ಹೋದೆ. ಏನು ನೋಡಲಿ! ದಡಿಯ ಮೇಲೆ ಒಂದು ನರಪಿಳ್ಳೆ ಇಲ್ಲ. ಟೆಂಪೋ ಇಲ್ಲ, ಚಕ್ಕಡಿ ಇಲ್ಲ, ಎಮ್ಮೆಯನ್ನೂ ಹೊಡೆದು ಆಚೆ ಅಟ್ಟುತ್ತಿದ್ದಾರೆ. ಗೆದ್ದರಲ್ಲ ಇವರು ಎಂದುಕೊಂಡೆ. ಹತ್ತಿರ ಹೋದರೆ ಅಲ್ಲಲ್ಲಿ ರಂಗೋಲಿ ಬಿದ್ದಿದೆ. ದಾಟುವವರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ದಾಟುತ್ತಿದ್ದಾರೆ. ಒಬ್ಬಾಕೆ ತೆಂಗಿನಕಾಯಿ ಹಿಡಿದು ನಿಂತು, ಪಲ್ಲಕ್ಕಿ ಎಷ್ಟೊತ್ತಿಗೆ ಬರುತ್ತದೆ ಎಂದು ನನ್ನನ್ನೇ ಕೇಳಿದಳು!

ಆಗ ಹೊಳೆಯಿತು. ಮಠದ ಸ್ವಾಮಿಗಳ ಪಲ್ಲಕ್ಕಿ ಊರಿಗೆ ಬರುವ ದಿನ ನಾವು ಮಾಡುವುದೂ ಇದನ್ನೇ ಅಲ್ಲವೇ? ದಾರಿಗೆ ಕೆಮ್ಮಣ್ಣು ಸಾರಿಸಿ, ಅಂಚಿಗೆ ಸುಣ್ಣ ಎಳೆಯುವುದು. ಸೀರೆಯ ದಡಿ ಇವರಿಗೊಬ್ಬರಿಗೆ ಕಂಡಿತ್ತು, ಊರಿಗೆಲ್ಲ ಕಂಡದ್ದು ಪಲ್ಲಕ್ಕಿಯ ದಾರಿ. ಪಲ್ಲಕ್ಕಿ ಅಲ್ಲ, ಸೈಕಲ್ ಬರುತ್ತದೆ ಎಂದು ಇವರು ಬಜಾರದ ತುಂಬ ಹೇಳುತ್ತ ಹೋದರು. ನಂಬುವವರು ಯಾರು?

ನಗುತ್ತಲೇ ಮನೆಗೆ ಬಂದ ನನ್ನ ನಗು ಬಹಳ ಹೊತ್ತು ಉಳಿಯಲಿಲ್ಲ. ಹಿಂದೆಯೇ ಸುದ್ದಿ ಬಂತು. ಸಾಲಿಗೆ ಹೊರಟ ಮೊಮ್ಮಗಳು ಅಜ್ಜನ ದಡಿ ಎಂದು ಹಿಗ್ಗಿನಿಂದ ಅದರ ಮೇಲೆ ಸೈಕಲ್ ಹತ್ತಿಸಿದ್ದಾಳೆ. ಗುಡಿಗೆ ಹೊರಟಿದ್ದ ಗಂಗವ್ವ ನೋಡಿ, ಸ್ವಾಮಿಗಳ ಹಾದಿಯ ಮೇಲೆ ಗಾಲಿ ಹತ್ತಿಸುತ್ತೀಯಾ ಎಂದು ಕೋಲು ಎತ್ತಿದ್ದಾಳೆ. ಹುಡುಗಿ ಗಾಬರಿಯಿಂದ ರಸ್ತೆಯ ಒಡಲಿಗೆ ತಿರುಗಿಸಿದ್ದಾಳೆ. ಹಿಂದಿನಿಂದ ಲಾರಿಯ ಹಾರ್ನು. ಬಿದ್ದಳು. ದೇವರು ದೊಡ್ಡವನು, ಮೊಣಕಾಲಿನ ತೊಗಲಷ್ಟೇ ಕಿತ್ತಿತ್ತು, ಸೈಕಲ್ಲಿನ ಗಾಲಿ ಸೊಟ್ಟಾಗಿತ್ತು.

ಅಂಥ ಸುದ್ದಿಗೆ ಬಸ್ಸು ಬೇಕೇ? ಮರುದಿನ ಮೊದಲ ಬಸ್ಸಿಗೇ ಅಳಿಯ ಬಂದಿಳಿದ. ಮಗಳ ಟ್ರಂಕನ್ನು ತಾನೇ ಎತ್ತಿ ತಂದು ಕಟ್ಟೆಯ ಮೇಲಿಟ್ಟ.

"ನಿಮ್ಮ ದಡಿ ಚಲೋ ಐತ್ರಿ ಮಾವಾರ. ಆದ್ರ ಅದರ ಮ್ಯಾಲೆ ಹೋಗಾಕ ನನ್ನ ಮಗಳಿಗೇ ಬಿಡವಲ್ರು," ಎಂದ.

ಇವರು ಮಗ್ಗದಿಂದ ಎದ್ದು ಬಂದರು. ಕಟ್ಟೆಯ ಮೇಲೆ, ಟ್ರಂಕಿನ ಪಕ್ಕ ಕೂತರು.

"ಇಕಿ ಅವ್ವನ್ನ ಸಾಲಿ ಬಿಡಿಸಿದಾಂವ ನಾನ. ಬಜಾರ ದಾಟಿ ಹೋಗಬೇಕು, ರಸ್ತಿ ಚಲೋ ಇಲ್ಲಂತ ಬಿಡಿಸಿದೆ. ತಪ್ಪು ರಸ್ತೀದು, ಶಿಕ್ಷಾ ಹುಡುಗಿಗಾತು. ಅಳಿಯಂದ್ರ, ನೀವು ಹಂಗ ಮಾಡಬ್ಯಾಡ್ರಿ."

ನನ್ನ ಮಗಳನ್ನು ಸಾಲಿ ಬಿಡಿಸಿದ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಇವರು ಅದನ್ನು ಇಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದರೋ! ಅಳಿಯ ತಲೆ ತಗ್ಗಿಸಿದ. ಆದರೂ ಟ್ರಂಕಿನ ಹಿಡಿಕೆಯಿಂದ ಕೈ ತೆಗೆಯಲಿಲ್ಲ.

ಸರಿ, ಇನ್ನು ಇದು ಗಂಡಸರ ಕೈಯಲ್ಲಿ ಆಗುವ ಕೆಲಸವಲ್ಲ ಎಂದುಕೊಂಡೆ. ಸಾಲಿಯ ಮಾಸ್ತರರಿಗೆ ಹೇಳದೆ ಹೋಗುವುದು ಸರಿಯೇ, ಹುಡುಗಿ ಹೋಗಿ ಹೇಳಿ ಬರಲಿ, ಮಧ್ಯಾಹ್ನದ ಬಸ್ಸಿಗೆ ಹೋದರಾಯಿತು ಎಂದು ಅಳಿಯನನ್ನು ಒಪ್ಪಿಸಿದೆ. ಚಾಚಾ ಆಗಲೇ ಗಾಲಿ ನೆಟ್ಟಗೆ ಮಾಡಿ ಸೈಕಲ್ ತಂದು ನಿಲ್ಲಿಸಿದ್ದರು. ಹುಡುಗಿಯ ಕಿವಿಯಲ್ಲಿ, ನಾನು ಬಜಾರ ಮುಟ್ಟಿದ ಮೇಲೆ ಹೊರಡು, ಅಜ್ಜನ ದಡಿ ಬಿಟ್ಟು ಕೆಳಗಿಳಿಯಬೇಡ ಎಂದೆ. ಸೀದಾ ಗಂಗವ್ವನ ಮನೆಗೆ ಹೋದೆ.

ಪಲ್ಲಕ್ಕಿ ಹೊರಟಿದೆ, ಲಗೂ ನೀರು ತಾ ಎಂದೆ.

ಪಲ್ಲಕ್ಕಿ ಬಂದರೆ ಹೊತ್ತವರ ಕಾಲಿಗೆ ನೀರು ಹಾಕುವುದು ನಮ್ಮ ಪದ್ಧತಿ. ಗಂಗವ್ವ ತುಂಬಿದ ಕೊಡ ಹೊತ್ತು ಬಜಾರಕ್ಕೆ ಬಂದಳು. ಅವಳನ್ನು ನೋಡಿ ಓಣಿಯ ಹೆಂಗಸರೆಲ್ಲ ಕೊಡ ಹೊತ್ತು ಹಿಂದೆಯೇ ಬಂದರು. ನಾವೆಲ್ಲ ದಡಿಗುಂಟ ಸಾಲಾಗಿ ನಿಂತೆವು.

"ಎಲ್ಲೈತಿ ಪಲ್ಲಕ್ಕಿ?" ಎಂದಳು ಗಂಗವ್ವ.

ಓಣಿಯ ಕಡೆಯಿಂದ ನನ್ನ ಮೊಮ್ಮಗಳು ಬರುತ್ತಿದ್ದಳು. ಮೊಣಕಾಲಿಗೆ ಬಿಳಿ ಪಟ್ಟಿ, ಎರಡು ಜಡೆ, ಮುಖದಲ್ಲಿ ಅಂಜಿಕೆ. ಕೈ ಮಾಡಿ ತೋರಿಸಿದೆ.

"ಅಲ್ಲೆ ಬಂತಲ್ಲ. ಇದಕ್ಕ ಗಾಲಿ ಅದಾವು, ಹೊರಾವರ ಬ್ಯಾಡ."

ಗಂಗವ್ವ ನನ್ನನ್ನು ನೋಡಿದಳು. ಹುಡುಗಿಯ ಮೊಣಕಾಲಿನ ಪಟ್ಟಿಯನ್ನು ನೋಡಿದಳು. ಅದರ ಮೇಲೇ ಅವಳ ಕಣ್ಣು ನಿಂತಿತು. ಕೋಲೆತ್ತಿದ ಕೈ ಅವಳದೇ ತಾನೆ? ಬೈಯುತ್ತಾಳೆಂದು ನಾನು ಬೆನ್ನು ಗಟ್ಟಿ ಮಾಡಿಕೊಂಡೆ. ಅವಳು ಕೊಡ ಇಳಿಸಿ, ಬಗ್ಗಿ, ಸೈಕಲ್ಲಿನ ಮುಂದಿನ ಗಾಲಿಗೆ ನೀರು ಹಾಕಿದಳು. ಗಂಗವ್ವ ಹಾಕಿದ ಮೇಲೆ ಉಳಿದವರು ಬಿಡುತ್ತಾರೆಯೇ? ಸಾಲಿನ ತುದಿಯ ತನಕ ಗಾಲಿಗೆ ನೀರೋ ನೀರು! ಹುಡುಗಿ ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಕಾಣಲಿಲ್ಲ, ನನ್ನ ಕಣ್ಣೇ ಮಂಜಾಗಿತ್ತು.

ಅಷ್ಟರಲ್ಲಿ ಗುಡ್ಡಕ್ಕೆ ಫ್ಯಾನಿನ ರೆಕ್ಕೆ ಹೊತ್ತ ಲಾರಿ ಬಂತು. ಡ್ರೈವರು ಉತ್ತರದ ಕಡೆಯವನು, ಕನ್ನಡ ಗೊತ್ತಿಲ್ಲ. ಕೆಂಪು ಹಾದಿ, ರಂಗೋಲಿ, ಕೊಡ ಹೊತ್ತ ಹೆಂಗಸರು, ನಡುವೆ ಒಂದು ಹುಡುಗಿ. ಅವನಿಗೆ ಏನು ಅನಿಸಿತೋ, ಇಂಜಿನ್ನು ಬಂದ್ ಮಾಡಿ, ಕೆಳಗಿಳಿದು, ಸೈಕಲ್ಲಿಗೆ ಕೈ ಮುಗಿದ! ಅವನ ಹಿಂದೆ ನಿಂತ ಟೆಂಪೋದವರೂ ಮುಗಿದರು. ಮೊಮ್ಮಗಳು ಟ್ರಿಣ್ ಎಂದು ಗಂಟೆ ಹೊಡೆದು ಬಾಳೆಹಣ್ಣಿನ ಗಾಡಿಯನ್ನು ಸುತ್ತಿಕೊಂಡು ಸಾಲಿಯ ಕಡೆ ಹೋದಳು.

ತಿರುಗಿ ನೋಡಿದರೆ ಅಳಿಯ ಓಣಿಯ ಬಾಯಿಗೆ ಬಂದು ನಿಂತಿದ್ದ. ಎಲ್ಲವನ್ನೂ ನೋಡಿದ್ದ. ನನ್ನ ಜೊತೆ ಮನೆಗೆ ಬಂದು, ಟ್ರಂಕನ್ನು ಒಳಗೆ ಅದರ ಜಾಗದಲ್ಲಿಟ್ಟು, ಏನೂ ಆಗದವನಂತೆ ಕೇಳಿದ.

"ಅತ್ತಿಯಾರ, ಇವತ್ತ ಪಲ್ಯ ಏನ ಮಾಡೀರಿ?"

ಆಮೇಲೆ ಗೋಡೆಗೆ ನೇತುಬಿದ್ದ ಸೈಕಲ್ಲುಗಳು ಒಂದೊಂದಾಗಿ ಕೆಳಗಿಳಿದವು. ಮೊಮ್ಮಗಳು ಹೈಸ್ಕೂಲು ಮುಗಿಸುವ ತನಕ ಅಮಾವಾಸ್ಯೆಗೊಮ್ಮೆ ನೇಕಾರರು ಸೇರಿ ಆ ದಡಿಗೆ ಕೆಮ್ಮಣ್ಣು ಸಾರಿಸುತ್ತಿದ್ದರು. ಊರಿನವರು ಕೊನೆಯ ತನಕ ಅದನ್ನು ಪಲ್ಲಕ್ಕಿ ಹಾದಿ ಎಂದೇ ಕರೆದರು, ನಾವು ತಿದ್ದಲೂ ಹೋಗಲಿಲ್ಲ. ಈಗ ಅಲ್ಲಿ ಸಿಮೆಂಟು ರಸ್ತೆ ಬಂದಿದೆ, ದಡಿ ಅದರ ಅಡಿಗೆ ಹೋಗಿದೆ. ಮೊಮ್ಮಗಳು ನರೇಗಲ್ಲಿನ ಸಾಲಿಯಲ್ಲಿ ಟೀಚರು. ನನಗೆ ಈ ಫೋನಿನಲ್ಲಿ ಅಕ್ಷರ ಕುಟ್ಟಲು ಕಲಿಸಿದವಳೂ ಅವಳೇ, ತಪ್ಪಿದರೆ ಮಾಸ್ತರಿಕೆಯ ಕಣ್ಣು ಬಿಡುತ್ತಾಳೆ.

ರಸ್ತೆಯ ದಡಿ ಹೋದರೂ ಅದರ ಪಡಿಯಚ್ಚು ಒಂದು ನನ್ನ ಟ್ರಂಕಿನಲ್ಲಿದೆ. ಹುಡುಗಿ ಬಿದ್ದೆದ್ದ ಆ ವರ್ಷದ ದೀಪಾವಳಿಗೆ ನಾನು ಎಂದಿನಂತೆ ಚುಚ್ಚಲು ಬಾಯಿ ತೆರೆಯುವ ಮೊದಲೇ ಇವರು ನನ್ನ ಮಡಿಲಿಗೆ ಒಂದು ಸೀರೆ ಹಾಕಿ, ಹೋಗಿ ಮಗ್ಗದಲ್ಲಿ ಕೂತುಬಿಟ್ಟರು. ಕಪ್ಪು ಒಡಲು, ರಸ್ತೆಯ ಹಾಗೆ. ಕೆಂಪು ದಡಿ, ಅದರ ಎರಡೂ ಅಂಚಿಗೆ ಬಿಳಿ ಗೆರೆ. ಕೈಯಾಡಿಸುತ್ತ ಹೋದೆ. ಒಂದು ಕಡೆ ಕೈ ನಿಂತಿತು. ಅಲ್ಲಿ ಕೆಂಪು ಎಳೆಗಳು ಗೆರೆ ದಾಟಿ ಒಡಲಿನೊಳಗೆ ಹೊಟ್ಟೆ ಉಬ್ಬಿಸಿಕೊಂಡು ಹೋಗಿ ಮತ್ತೆ ದಡಿಗೆ ಮರಳಿದ್ದವು. ಸಾಹುಕಾರರ ಸೀರೆಯಲ್ಲಿ ಒಂದು ಎಳೆ ತಪ್ಪದ ಮನುಷ್ಯ, ನನ್ನ ಸೀರೆಯಲ್ಲೇ ತಪ್ಪಬೇಕೇ? ನಾನು ಬಿಡುತ್ತೇನೆಯೇ?

"ಏನ್ರೀ, ಸಾಹುಕಾರರು ಬ್ಯಾಡಂದದ್ದನ್ನ ನನಗ ಕೊಟ್ರೇನು? ಇಲ್ಲೆ ನೋಡ್ರಿ, ದಡಿ ಸೊಟ್ಟ ಆಗೇತಿ."

ಇವರು ಮಗ್ಗದಿಂದ ತಲೆ ಎತ್ತಲಿಲ್ಲ.

"ಸೊಟ್ಟಲ್ಲ ಅದು. ಅಲ್ಲೆ ಬಾಳಿಹಣ್ಣಿನ ಗಾಡಿ ನಿಂತೈತಿ," ಎಂದರು.